ಹುಲಿಗೆ ರೆಕ್ಕೆ ಕಟ್ಟುವ ಮುನ್ನ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಬೋಧಿಸಿ ನಿವೃತ್ತನಾದವನೊಬ್ಬ ಕಂಪ್ಯೂಟರಿನ ಯುದ್ಧದಾಟಗಳ ಬಗ್ಗೆ ಬರೆಯಹೊರಟರೆ ಓದುಗರಿಗೆ ಸೋಜಿಗವಾಗುವುದು ಸಹಜ. ‘ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು?’ ಎಂದು ಹಳೆಯ ಸಹೋದ್ಯೋಗಿಗಳು ಕೇಳಿಯೂ ಕೇಳಿದ್ದಾರೆ. ಆದರೆ ಮನೆಯಲ್ಲಿ ಮೊಮ್ಮಗನೂ ಅವನ ಗೆಳೆಯರೂ ದಿನವೂ ಸಂಜೆ ಆಡುವ ಆಟವನ್ನು ಪಕ್ಕದಲ್ಲಿ ಕುಳಿತು ನೋಡುತ್ತಾ, ತಿಳಿಯದ್ದನ್ನು ಕೇಳುತ್ತಾ, ಕೇಳಿದ್ದನ್ನು ಓದಿ ಖಚಿತಪಡಿಸಿಕೊಳ್ಳುತ್ತಾ ಬಂದಮೇಲೆ ನನಗೆ ಒಂದು ಸಂಗತಿ ಮನದಟ್ಟಾಗಿದೆ. ಆ ಹುಡುಗರು ‘ಮುಂದಿನ ಸಲ ಯಾವ ಹೊಸ ಟ್ಯಾಂಕು ಬರಬೇಕು, ಯಾವ ಹೆಲಿಕಾಪ್ಟರ್ ಬರಬೇಕು’ ಎಂದು ಮಾಡುವ ವಾದವು ಬಲಕ್ಕೂ ನ್ಯಾಯಕ್ಕೂ ಇರುವ ಬಹು ಹಳೆಯ ವ್ಯಾಜ್ಯವೇ ಆಗಿದೆ.

ಈ ಆಟಗಳನ್ನು ಕಾಣದ ಹಿರಿಯ ಓದುಗರಿಗಾಗಿ ಎರಡು ಮಾತು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ಕುಳಿತವರು ಅಂತರಜಾಲದ ಮೂಲಕ ಒಂದೇ ರಣಾಂಗಣಕ್ಕೆ ಬರುತ್ತಾರೆ. ಎರಡು ತಂಡಗಳಾಗುತ್ತವೆ. ಅಲ್ಲಲ್ಲಿ ಬಾವುಟ ನೆಟ್ಟ ಠಾಣೆಗಳಿರುತ್ತವೆ. ಅವನ್ನು ಹಿಡಿಯಬೇಕು, ಹಿಡಿದದ್ದನ್ನು ಉಳಿಸಿಕೊಳ್ಳಬೇಕು. ಸತ್ತವನು ಕೆಲವು ಕ್ಷಣಗಳ ಬಳಿಕ ಮತ್ತೆ ಹುಟ್ಟಿ ಬರುತ್ತಾನೆ. ಹೆಚ್ಚಿನವರು ಬಂದೂಕು ಹಿಡಿದ ಕಾಲಾಳುಗಳು. ಕೆಲವರಿಗೆ ಮಾತ್ರ ಜೀಪು, ಟ್ಯಾಂಕು, ವಿಮಾನಗಳು ದಕ್ಕುತ್ತವೆ. ವ್ಯಾಜ್ಯ ಹುಟ್ಟುವುದು ಈ ‘ಕೆಲವರಿಗೆ ಮಾತ್ರ’ ಎಂಬಲ್ಲಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಆಟಕ್ಕೆ ಹೊಸದೊಂದು ಯುದ್ಧವಾಹನವನ್ನು ಸೇರಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ಇದಕ್ಕೆ ಉತ್ತರವಾಗಬಲ್ಲದ್ದು ಕಾಲ್ನಡಿಗೆಯವನ ಕೈಯಲ್ಲಿ ಏನಾದರೂ ಇದೆಯೇ? ಎರಡನೆಯದು, ಈ ವಾಹನವು ನಾಲ್ಕು ಜನರನ್ನು ಒಂದು ಕೆಲಸಕ್ಕೆ ಕೂಡಿಸುತ್ತದೆಯೋ, ಇಲ್ಲ ಒಬ್ಬನನ್ನು ಉಳಿದವರೆಲ್ಲರ ಮೇಲೆ ಕೂರಿಸುತ್ತದೆಯೋ? ಅದರ ವೇಗವೆಷ್ಟು, ತೋಪಿನ ಗಾತ್ರವೆಷ್ಟು ಎಂಬುದೆಲ್ಲ ಆಮೇಲಿನ ಮಾತು.

ಈ ವಿಚಾರ ಹೊಸತೂ ಅಲ್ಲ, ಪರದೇಶದ್ದೂ ಅಲ್ಲ. ನಮ್ಮ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಕೆತ್ತಿದ ಗೆರೆಗಳನ್ನು ಗಮನಿಸಿದವರಿಗೆ ಆಡು-ಹುಲಿಯಾಟ ನೆನಪಾಗಬಹುದು. ಊರಿಂದ ಊರಿಗೆ ಲೆಕ್ಕ ಬೇರೆ. ಸಾಮಾನ್ಯವಾಗಿ ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಆಡು. ಹುಲಿ ನೆಗೆದು ಆಡನ್ನು ತಿನ್ನಬಲ್ಲದು. ಆಡು ಹುಲಿಯನ್ನು ತಿನ್ನಲಾರದು. ಹಾಗಿದ್ದೂ ಆಡುಗಳ ಕಡೆಯವನು ಗೆಲ್ಲುತ್ತಾನೆ. ಆಡುಗಳು ಒಂದರ ಬೆನ್ನಿಗೆ ಒಂದು ನಿಂತು ಹುಲಿಗೆ ನೆಗೆಯಲು ಜಾಗವಿಲ್ಲದಂತೆ ಕಟ್ಟಿಹಾಕಬಲ್ಲವು. ಬಲ ಒಂದು ಕಡೆ, ಒಗ್ಗಟ್ಟು ಇನ್ನೊಂದು ಕಡೆ; ಎರಡೂ ಸಮತೂಕ. ಆ ಹುಲಿಗೆ ಯಾರಾದರೂ ರೆಕ್ಕೆ ಕಟ್ಟಿ, ಎರಡು ಮನೆ ದಾಟಿ ಹಾರಬಹುದೆಂದು ನಿಯಮ ಮಾಡಿದರೆ ಏನಾದೀತು? ಆಡುಗಳ ಕಡೆಗೆ ಕೂರಲು ಯಾರೂ ಒಪ್ಪುವುದಿಲ್ಲ. ಆಟ ಅಲ್ಲಿಗೇ ಮುಗಿಯುತ್ತದೆ.

ಚದುರಂಗವನ್ನೇ ನೋಡಿ. ಹೆಸರೇ ಹೇಳುವಂತೆ ಅದು ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೈನ್ಯದ ಆಟ. ರಾಜನ ಪಕ್ಕದ ಮಂತ್ರಿ ಬಹುಕಾಲ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ದುರ್ಬಲ ಕಾಯಿ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಅದಕ್ಕೆ ಎಂಟು ದಿಕ್ಕಿಗೂ ಎಷ್ಟು ದೂರ ಬೇಕಾದರೂ ಸಾಗುವ ಬಲವನ್ನು ಕೊಟ್ಟರು. ಆಟ ಕೆಡಲಿಲ್ಲ, ಚುರುಕಾಯಿತು. ಆ ಬಲ ಎರಡೂ ಕಡೆಗೆ ಸಮನಾಗಿ ದೊರೆಯಿತು. ಮೇಲಾಗಿ ಅಲ್ಪನಾದ ಕಾಲಾಳು ಕೂಡ ಆ ಮಹಾಬಲಶಾಲಿಯನ್ನು ಹೊಡೆಯಬಹುದಾಗಿತ್ತು. ಆದ್ದರಿಂದ ಹೊಸ ಬಲವೇ ಬೇಡವೆಂದು ನಾನು ವಾದಿಸುತ್ತಿಲ್ಲ. ಅದನ್ನು ಹೇಗೆ ತರಬೇಕೆಂಬುದಷ್ಟೇ ನನ್ನ ವಿಚಾರ.

ಈಗ ಈ ಕಾಲದ ಆಟಕ್ಕೆ ಬರೋಣ. ಸ್ವೀಡನ್ನಿನ ಡೈಸ್ ಎಂಬ ಸಂಸ್ಥೆ 2002ರಲ್ಲಿ ‘ಬ್ಯಾಟಲ್‌ಫೀಲ್ಡ್ 1942’ ಎಂಬ ಆಟವನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ಟ್ಯಾಂಕು, ವಿಮಾನ, ಹಡಗು, ಜಲಾಂತರ್ಗಾಮಿಗಳನ್ನೆಲ್ಲ ಒಂದೇ ಕಣಕ್ಕೆ ತಂದು, 64 ಜನರ ತನಕ ಒಟ್ಟಿಗೆ ಆಡುವ ಅವಕಾಶ ಕೊಟ್ಟ ಆಟವಿದು. ಅದರ ಬೆನ್ನಿಗೇ ‘ಡೆಸರ್ಟ್ ಕಾಂಬ್ಯಾಟ್’ ಎಂಬ ಹೆಸರಿನಲ್ಲಿ ಹವ್ಯಾಸಿಗಳ ಗುಂಪೊಂದು ಅದೇ ಆಟವನ್ನು ಮಾರ್ಪಡಿಸಿ, ಕೊಲ್ಲಿ ಯುದ್ಧದ ಕಾಲದ ಹೆಲಿಕಾಪ್ಟರುಗಳನ್ನೂ ಜೆಟ್ ವಿಮಾನಗಳನ್ನೂ ಅಬ್ರಾಮ್ಸ್, ಟಿ-72 ಟ್ಯಾಂಕುಗಳನ್ನೂ ಸೇರಿಸಿತು. ಆಟಗಾರರು ಮುಗಿಬಿದ್ದು ಮೆಚ್ಚಿದರು. 2004ರಲ್ಲಿ ಡೈಸ್ ಆ ಗುಂಪನ್ನೇ ಕೊಂಡುಕೊಂಡಿತು. 2005ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2’ರಲ್ಲಿ ಹೆಲಿಕಾಪ್ಟರುಗಳೂ ಜೆಟ್ಟುಗಳೂ ಮೊದಲಿನಿಂದಲೇ ಇದ್ದವು. ಹೊಸ ವಾಹನಗಳ ಹಸಿವು ಆಟಗಾರರಲ್ಲಿ ಎಷ್ಟಿದೆ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಆದರೆ ಮೊದಲ ದಿನದಿಂದಲೂ ಅಲ್ಲೊಂದು ಸೌಲಭ್ಯವಿತ್ತು. ನಿಜವಾದ ಷರ್ಮನ್ ಟ್ಯಾಂಕಿನೊಳಗೆ 5 ಜನ ಇರುತ್ತಿದ್ದರು: ನಾಯಕ, ಚಾಲಕ, ಸಹಚಾಲಕ, ಗುರಿಯಿಡುವವನು, ಗುಂಡು ತುಂಬುವವನು. ಆಟದ ಟ್ಯಾಂಕಿನಲ್ಲಿ ಇವೆಲ್ಲವನ್ನೂ ಒಬ್ಬನೇ ಮಾಡಬಹುದು. ಒಮ್ಮೆ ಮೊಮ್ಮಗ ಹೆಮ್ಮೆಯಿಂದ, ‘ತಾತ, ಇದ್ರಲ್ಲಿ ಡ್ರೈವರ್ರೂ ನಾನೇ, ಗುಂಡು ಹೊಡೆಯೋನೂ ನಾನೇ’ ಎಂದ. ನಿಜವಾದ ಟ್ಯಾಂಕಿನಲ್ಲಿ ಐವರು ಇರುತ್ತಿದ್ದರೆಂದು ಹೇಳಿದೆ. ಅವನು ಆಟ ನಿಲ್ಲಿಸದೆಯೇ, ‘ಹಾಗಾದ್ರೆ ಉಳಿದ ನಾಲ್ಕು ಜನ ಎಲ್ಲಿ ಹೋದ್ರು?’ ಎಂದು ಕೇಳಿದ. ಮಕ್ಕಳು ಕೆಲವೊಮ್ಮೆ ತಮಗರಿವಿಲ್ಲದೆಯೇ ಸರಿಯಾದ ಪ್ರಶ್ನೆ ಕೇಳುತ್ತಾರೆ. ಐವರ ಬಲವನ್ನು ಒಬ್ಬನಿಗೆ ಕೊಟ್ಟಿದ್ದರಿಂದ ಉಳಿದ ನಾಲ್ವರು ಆ ಟ್ಯಾಂಕಿನ ಮುಂದೆ ಓಡುವ ಕಾಲಾಳುಗಳಾದರು ಎಂಬುದೇ ಅದಕ್ಕೆ ಉತ್ತರ.

ನಮ್ಮ ಶಾಲೆಯ ಮೈದಾನದಲ್ಲಿಯೂ ಇಂಥದೇ ನಡೆದಿತ್ತು. ತೆಂಗಿನ ಮಟ್ಟೆಯನ್ನೇ ಬ್ಯಾಟು ಮಾಡಿಕೊಂಡು ಆಡುತ್ತಿದ್ದ ಹುಡುಗರ ನಡುವೆ ಒಬ್ಬನಿಗೆ ಅವರಪ್ಪ ಪೇಟೆಯಿಂದ ಹೊಸ ಬ್ಯಾಟು ತಂದುಕೊಟ್ಟರು. ಬ್ಯಾಟು ಯಾರದೋ ಅವನದೇ ಮೊದಲ ಆಟ. ಔಟಾದರೂ ಅವನದೇ ಎರಡನೆಯ ಆಟ. ಒಂದು ವಾರದೊಳಗೆ ಅರ್ಧ ಹುಡುಗರು ಗಿಲ್ಲಿದಾಂಡಿಗೆ ಹೋಗಿಬಿಟ್ಟರು. ಆಟೋಟದ ಹೊಣೆ ನನ್ನ ಮೇಲಿದ್ದುದರಿಂದ ನಾನು ಒಂದು ಕಟ್ಟಳೆ ಮಾಡಿದೆ: ಆಟದ ಅವಧಿಯಲ್ಲಿ ಬ್ಯಾಟು ಶಾಲೆಯದು, ಔಟಾದವನು ಮುಂದಿನವನ ಕೈಗೆ ಕೊಟ್ಟು ಚೆಂಡು ಆಯಲು ಹೋಗತಕ್ಕದ್ದು. ಹುಡುಗರು ಮರಳಿ ಬಂದರು. ಬ್ಯಾಟಿನ ಒಡೆಯನೂ ಸಂತೋಷವಾಗಿಯೇ ಇದ್ದ; ಅವನಿಗೆ ಚೆಂಡು ಎಸೆಯಲು ಈಗ ಜನರಿದ್ದರು. ಕಂಪ್ಯೂಟರಿನ ರಣಾಂಗಣದಲ್ಲಿ ವಿಮಾನ ಬರುವ ಜಾಗದಲ್ಲಿ ಹೋರಾಟ ಬಿಟ್ಟು ಕಾದು ನಿಲ್ಲುವವರನ್ನು ಕಂಡಾಗ, ವಿಮಾನಕ್ಕಾಗಿ ತಮ್ಮ ತಂಡದವನನ್ನೇ ಹೊಡೆದುರುಳಿಸುವವರೂ ಇದ್ದಾರೆಂದು ಕೇಳಿದಾಗ, ನನಗೆ ಆ ಬ್ಯಾಟೇ ನೆನಪಾಯಿತು.

ಇದೇ ಮಾಲಿಕೆಯಲ್ಲಿ 2016ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 1’ ಮೊದಲನೆಯ ಮಹಾಯುದ್ಧದ ಕಥೆ. ಇತಿಹಾಸದ ಮೇಷ್ಟರಾದ ನನಗೆ ಇದರಲ್ಲಿ ಮೆಚ್ಚುವುದೂ ಇದೆ, ತಕರಾರೂ ಇದೆ. ತಕರಾರು ಎಂದರೆ, ಜರ್ಮನರು ಎ7ವಿ ಎಂಬ ಟ್ಯಾಂಕನ್ನು ಇಡೀ ಯುದ್ಧದಲ್ಲಿ ತಯಾರಿಸಿದ್ದು ಸುಮಾರು 20 ಮಾತ್ರ. ಆಟದಲ್ಲಿಯಾದರೋ ಬ್ರಿಟಿಷರೂ ಅದನ್ನು ಓಡಿಸುತ್ತಾರೆ, ತುರ್ಕರೂ ಓಡಿಸುತ್ತಾರೆ! ಎರಡು ಪಕ್ಷಗಳ ಬಲ ಸಮನಾಗಿರಲೆಂದು ತಯಾರಕರು ಇತಿಹಾಸವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾರೆ. ಆಟದ ದೃಷ್ಟಿಯಿಂದ ಅದು ಕ್ಷಮ್ಯವೆಂದೇ ನನ್ನ ಭಾವನೆ. ಮೆಚ್ಚುವುದೆಂದರೆ, ಅದೇ ಟ್ಯಾಂಕಿನಲ್ಲಿ ಚಾಲಕನಿಗೆ ಎದುರಿನ ತೋಪು ಮಾತ್ರ. ಪಕ್ಕಗಳಲ್ಲಿರುವ ಮೆಷಿನ್ ಗನ್ನುಗಳಿಗೆ ಬೇರೆ ಆಟಗಾರರು ಬಂದು ಕೂರಬೇಕು. ಒಬ್ಬನೇ ಏರಿ ಹೊರಟರೆ ಅವನು ಪಕ್ಕದಿಂದ ಕುರುಡ. ಕಾಲಾಳು ಮೆಲ್ಲಗೆ ಬದಿಯಿಂದ ಬಂದು ಡೈನಮೈಟ್ ಇಟ್ಟು ಹೋಗಬಲ್ಲ. ನಾನು ಕೇಳಿದ ಎರಡು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ.

ಆ ಆಟದ ಇನ್ನೊಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಒಂದು ತಂಡ ತೀರ ಹಿಂದೆ ಬಿದ್ದಾಗ ಅದಕ್ಕೆ ಮಾತ್ರ ಬೃಹತ್ತಾದ ವಾಹನವೊಂದು ಒದಗುತ್ತದೆ. ಕಣಕ್ಕೆ ತಕ್ಕಂತೆ ಆಕಾಶದಲ್ಲಿ ತೇಲುವ ವಾಯುನೌಕೆ, ಶಸ್ತ್ರಸಜ್ಜಿತ ರೈಲು ಅಥವಾ ಯುದ್ಧನೌಕೆ. ಅದರಲ್ಲಿ ಹಲವರು ಹಲವು ತೋಪುಗಳಲ್ಲಿ ಕೂರಬಹುದು. ಗೆಲ್ಲುತ್ತಿರುವವನಿಗೆ ಮತ್ತಷ್ಟು ಬಲ ಕೊಡದೆ, ಸೋಲುತ್ತಿರುವವನಿಗೆ ಒಂದು ಊರುಗೋಲು. ಅದು ಸಿಕ್ಕಿದ ಮಾತ್ರಕ್ಕೆ ಗೆಲುವು ಕಟ್ಟಿಟ್ಟದ್ದಲ್ಲ. ಎಲ್ಲರೂ ರೈಲು ಹತ್ತಿ ಕುಳಿತರೆ ನೆಲದ ಠಾಣೆಗಳನ್ನು ಹಿಡಿಯುವವರಾರು? ಹಿಂದುಳಿದ ವಿದ್ಯಾರ್ಥಿಗೆ ವಿಶೇಷ ತರಗತಿ ನಡೆಸಿದವರಿಗೆ ಇದು ಅರ್ಥವಾಗುತ್ತದೆ. ತರಗತಿ ನಾವು ನಡೆಸಬಹುದು, ಪರೀಕ್ಷೆ ಬರೆಯಬೇಕಾದವನು ಅವನೇ.

ಅದೇ ಆಟದಲ್ಲಿ ಕುದುರೆಯೂ ವಾಹನಗಳ ಸಾಲಿನಲ್ಲಿದೆ. ಸಿನಾಯ್ ಮರುಭೂಮಿಯ ಕಣದಲ್ಲಿ ಕುದುರೆಯೇರಿ ಕತ್ತಿ ಬೀಸುವ ನಮ್ಮ ಹುಡುಗರಿಗೆ, ಆ ಸಿನಾಯ್-ಪ್ಯಾಲೆಸ್ಟೈನ್ ಸಮರದಲ್ಲಿ ಮೈಸೂರು ಸಂಸ್ಥಾನದ ಸವಾರರಿದ್ದರೆಂದು ಯಾರಾದರೂ ಹೇಳಬೇಡವೇ? 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವಲ್ಲಿ ಜೋಧಪುರದ ಲ್ಯಾನ್ಸರುಗಳೊಂದಿಗೆ ಮೈಸೂರು ಲ್ಯಾನ್ಸರುಗಳೂ ಮೆಷಿನ್ ಗನ್ನುಗಳಿದ್ದ ನೆಲೆಗಳ ಮೇಲೆ ಕುದುರೆಗಳಲ್ಲಿ ನುಗ್ಗಿದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಯಂತ್ರದ ಎದುರು ಜೀವವನ್ನೊಡ್ಡುವುದು ಎಂದರೇನೆಂದು ಅವರು ಬಲ್ಲರು. ಆಟದಲ್ಲಿ ಕುದುರೆ ಸತ್ತರೆ ಇನ್ನೊಂದು ಕುದುರೆ ಸಿಗುತ್ತದೆ. ಮಕ್ಕಳಿಗೆ ಆಟದ ಜೊತೆಗೆ ಇಷ್ಟಾದರೂ ತಿಳಿದಿರಲಿ.

ಮೇಲಿನ ಎರಡು ಪ್ರಶ್ನೆಗಳನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 2021ರ ನವೆಂಬರ್‌ನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 2042’ 128 ಜನ ಒಟ್ಟಿಗೆ ಆಡುವಷ್ಟು ದೊಡ್ಡದಾಗಿತ್ತು. ಅದರಲ್ಲಿ ಗಾಳಿಯ ಮೆತ್ತೆಯ ಮೇಲೆ ನೀರಿನಲ್ಲಿಯೂ ನೆಲದಲ್ಲಿಯೂ ಓಡುವ ಹೋವರ್‌ಕ್ರಾಫ್ಟ್ ಎಂಬ ವಾಹನವಿತ್ತು. ವೇಗದಲ್ಲಿ ಕಾರಿನಂತೆ, ಗಟ್ಟಿತನದಲ್ಲಿ ಟ್ಯಾಂಕಿನಂತೆ ಇದ್ದ ಅದು ಕಾಲಾಳುಗಳ ಪಾಲಿಗೆ ಯಮದೂತವಾಯಿತು. ಸಾಲದ್ದಕ್ಕೆ ಕೆಲವರು ಅದನ್ನು ಗಗನಚುಂಬಿ ಕಟ್ಟಡಗಳ ಗೋಡೆಯ ಮೇಲೇ ಹತ್ತಿಸಿ ತೋರಿಸಿದರು! ಜನ ನಕ್ಕರು, ಜೊತೆಗೆ ಬೇಸತ್ತರು. ತಯಾರಕರು ಕೆಲವೇ ವಾರಗಳಲ್ಲಿ ಅದರ ಕವಚವನ್ನೂ ಹೊಡೆತವನ್ನೂ ತಗ್ಗಿಸಬೇಕಾಯಿತು. ಬಳಿಕ 2025ರ ಅಕ್ಟೋಬರ್‌ನಲ್ಲಿ ‘ಬ್ಯಾಟಲ್‌ಫೀಲ್ಡ್ 6’ ಬಂದಾಗ ಆಟಗಾರರ ಸಂಖ್ಯೆಯೂ ಮರಳಿ 64ಕ್ಕೆ ಇಳಿಯಿತು. ದೊಡ್ಡದು, ವೇಗದ್ದು, ಹೊಸತು ಎಂಬಷ್ಟರಿಂದಲೇ ಆಟ ಚೆನ್ನಾಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳಿವೆ. ಎರಡನ್ನೂ ನಾನು ಹಗುರಾಗಿ ಕಾಣುವುದಿಲ್ಲ. ಮೊದಲನೆಯದು, ‘ಆಟ ಆಟವೇ, ಅದು ಪಾಠವಲ್ಲ, ದಿನವಿಡೀ ದುಡಿದು ಬಂದವನು ಒಂದು ಗಂಟೆ ತಾನೊಬ್ಬನೇ ವೀರನಾಗಿ ಮೆರೆದರೆ ಯಾರ ಗಂಟೇನು ಹೋಯಿತು?’ ಎಂಬುದು. ಒಪ್ಪೋಣ. ಆದರೆ ಅವನು ಮೆರೆಯುತ್ತಿರುವುದು ಯಂತ್ರದ ಗೊಂಬೆಗಳೆದುರಲ್ಲ. ಎದುರಿಗಿರುವವನೂ ದಿನವಿಡೀ ದುಡಿದು ಬಂದವನೇ. ಅವನ ಆ ಒಂದು ಗಂಟೆ ಹೋಯಿತಲ್ಲ! ಹಲವರು ಒಟ್ಟಿಗೆ ಆಡುವ ಆಟದಲ್ಲಿ ಒಬ್ಬನ ಸುಖದ ಬೆಲೆಯನ್ನು ಇನ್ನೊಬ್ಬ ತೆರುತ್ತಾನೆ. ಆ ಬೆಲೆ ವಿಪರೀತವಾದರೆ ಅವನು ಮರುದಿನ ಬರುವುದಿಲ್ಲ.

ಎರಡನೆಯದು, ‘ಯುದ್ಧದಲ್ಲಿ ಟ್ಯಾಂಕು ಕಾಲಾಳಿಗಿಂತ ಬಲಶಾಲಿಯೇ ತಾನೆ? ವಾಸ್ತವ ಬೇಡವೇ?’ ಎಂಬ ಮಾತು. ವಾಸ್ತವ ಬೇಕೆಂದರೆ ಪೂರ್ತಿ ತರೋಣ. 1916ರ ಸೆಪ್ಟೆಂಬರ್ 15ರಂದು ಸೋಮ್ ರಣಾಂಗಣದಲ್ಲಿ ಮೊತ್ತಮೊದಲ ಟ್ಯಾಂಕುಗಳು ಹೊರಟಾಗ ಒಂದೊಂದರೊಳಗೆ 8 ಜನರಿದ್ದರು. ಎಂಜಿನ್ನೂ ಅವರ ನಡುವೆಯೇ ಇತ್ತು. ಸೆಕೆ, ಹೊಗೆ, ಕಿವಿ ಕಿತ್ತುಹೋಗುವ ಸದ್ದು. ಹಲವು ಟ್ಯಾಂಕುಗಳು ವೈರಿಯನ್ನು ಕಾಣುವ ಮುನ್ನವೇ ಕೆಟ್ಟು ನಿಂತವು, ಕೆಲವು ಹಳ್ಳಗಳಲ್ಲಿ ಹೂತವು. ಟ್ಯಾಂಕೆಂದರೆ ಇದೆಲ್ಲವೂ ಹೌದು. ಬಲವನ್ನು ಮಾತ್ರ ವಾಸ್ತವದಿಂದ ಎರವಲು ತಂದು, ಕಷ್ಟವನ್ನೂ ಪರಾವಲಂಬನೆಯನ್ನೂ ಹೊರಗಿಟ್ಟರೆ ಅದು ಅರ್ಧ ಸತ್ಯ.

ಪೂರ್ತಿ ಸತ್ಯಕ್ಕೆ ಹತ್ತಿರ ಹೋದ ಆಟಗಳೂ ಇವೆ. 2021ರಲ್ಲಿ ಪೂರ್ಣರೂಪದಲ್ಲಿ ಬಂದ ‘ಹೆಲ್ ಲೆಟ್ ಲೂಸ್’ನಲ್ಲಿ ಟ್ಯಾಂಕು ನಡೆಸಲು ಚಾಲಕ, ಗುರಿಕಾರ, ನಾಯಕ ಎಂಬ ಮೂವರು ಪರಸ್ಪರ ಮಾತಾಡಿಕೊಂಡು ಕೆಲಸ ಮಾಡಬೇಕು. ‘ಸ್ಕ್ವಾಡ್’ ಎಂಬ ಆಟದಲ್ಲಿ ಸಾಮಗ್ರಿ ಹೊರುವ ಲಾರಿಗೆ ಟ್ಯಾಂಕಿನಷ್ಟೇ ಗೌರವ. ಲಾರಿ ಹೋಗದಿದ್ದರೆ ಮುಂದಿನ ನೆಲೆಯಲ್ಲಿ ಗುಂಡೂ ಇಲ್ಲ, ಮರಳಚೀಲದ ಗೋಡೆಯೂ ಇಲ್ಲ. 2020ರಲ್ಲಿ ಅವರು ಹೆಲಿಕಾಪ್ಟರನ್ನು ಸೇರಿಸಿದಾಗ ತಂದದ್ದು ಜನರನ್ನೂ ಸಾಮಾನನ್ನೂ ಸಾಗಿಸುವ ಬಗೆಯದನ್ನು.

ನಮ್ಮ ಹಳ್ಳಿಯ ಹುಡುಗರೂ ಬಲ್ಲ ಪಬ್‌ಜಿಯಲ್ಲಿಯೂ ಇಂಥ ಜಾಣತನವೊಂದಿದೆ. ಅಲ್ಲಿನ ಬಿಆರ್‌ಡಿಎಂ-2 ಎಂಬ ಕವಚವಾಹನ ಸೋವಿಯತ್ ಸೈನ್ಯದ್ದು. ಅಸಲಿಯ ತಲೆಯ ಮೇಲೆ 14.5 ಮಿಲಿಮೀಟರಿನ ಮೆಷಿನ್ ಗನ್ ಇರುತ್ತದೆ. ಆಟಕ್ಕೆ ತರುವಾಗ ಆ ಗನ್ನನ್ನು ತೆಗೆದುಬಿಟ್ಟರು. ಕವಚ ಉಳಿಯಿತು, ನೀರಿನಲ್ಲಿ ತೇಲುವ ಗುಣ ಉಳಿಯಿತು, ತಂಡದ ನಾಲ್ವರಿಗೂ ಜಾಗ ಉಳಿಯಿತು. ಹೀಗೆ ಕೊಲ್ಲುವ ವಾಹನವೊಂದು ಕಾಯುವ ವಾಹನವಾಯಿತು. ಆಟಗಾರರು ಅದನ್ನು ಕಡಿಮೆಯೇನೂ ಇಷ್ಟಪಡಲಿಲ್ಲ.

ಹೊಸ ವಾಹನಗಳು ಬರುವುದಾದರೆ ಯಾವುವು ಬರಲಿ ಎಂದು ಯಾರಾದರೂ ನನ್ನನ್ನು ಕೇಳಿದರೆ, ನನ್ನ ಪಟ್ಟಿ ಸಿದ್ಧವಿದೆ. ನಿಜವಾದ ಸೈನ್ಯವು ಬರೀ ಟ್ಯಾಂಕುಗಳಿಂದ ಆದದ್ದಲ್ಲ. ಕೆ.ಜಿ.ಎಫ್‌.ನಲ್ಲಿರುವ ಬೆಮೆಲ್ ಕಾರ್ಖಾನೆ ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವ ವಾಹನಗಳನ್ನು ತಯಾರಿಸಿಕೊಟ್ಟಿದೆ. ಬೆಮೆಲ್‌ನ ಟಾಟ್ರಾ ಲಾರಿಗಳ ಮೇಲೆ ಹೊತ್ತೊಯ್ಯುವ ‘ಸರ್ವತ್ರ’ ಎಂಬ ಸೇತುವೆ 75 ಮೀಟರ್ ಅಗಲದ ಹೊಳೆಯನ್ನೂ ದಾಟಿಸಬಲ್ಲದು. ಗಾಯಾಳುಗಳನ್ನು ಹೊರುವ ಆಂಬುಲೆನ್ಸ್, ನೆಲಬಾಂಬು ಅಗೆದು ದಾರಿ ಮಾಡುವ ವಾಹನ, ನೀರಿನ ಟ್ಯಾಂಕರು ಇವೆಲ್ಲ ಸೇನಾವಾಹನಗಳೇ. ಹೊಳೆಯ ಈಚೆ ದಡದಲ್ಲಿ ಇಡೀ ತಂಡ ಸಿಕ್ಕಿಬಿದ್ದಿರುವಾಗ ಸೇತುವೆಯ ಲಾರಿಯನ್ನು ಗುಂಡಿನ ಮಳೆಯ ನಡುವೆ ದಡಕ್ಕೆ ತರುವುದು, ಉಳಿದವರು ಅದನ್ನು ಸುತ್ತುವರಿದು ಕಾಯುವುದು ಇದಕ್ಕಿಂತ ರೋಚಕವಾದ ಆಟ ಯಾವುದು? ಅಂಥ ಲಾರಿಯ ಚಾಲಕನಿಗೆ ಎದುರಾಳಿಯನ್ನು ಕೊಂದವನಿಗೆ ಸಿಗುವಷ್ಟೇ ಅಂಕ ಸಿಗಲಿ. ಅಂಕ ಎಲ್ಲಿದೆಯೋ ವಿದ್ಯಾರ್ಥಿಯ ಗಮನ ಅಲ್ಲಿ ಹರಿಯುತ್ತದೆಂಬುದು ಮೇಷ್ಟರಾದ ಎಲ್ಲರಿಗೂ ತಿಳಿದದ್ದೇ.

ಬೆಂಗಳೂರಿನಲ್ಲಿ ಇಂದು ಕಂಪ್ಯೂಟರ್ ಆಟಗಳನ್ನು ರೂಪಿಸುವ ತರುಣ ತರುಣಿಯರಿದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದುವುದಾದರೆ ನನ್ನ ವಿನಂತಿ ಇಷ್ಟು: ಹೊಸ ವಾಹನವೊಂದರ ಚಿತ್ರ ಬರೆಯುವಾಗ ಅದರ ಎದುರು ನಿಂತ ಕಾಲಾಳಿನ ಕಣ್ಣಿನಿಂದಲೂ ಒಮ್ಮೆ ನೋಡಿ, ಅದರೊಳಗೆ ಎಷ್ಟು ಆಸನಗಳಿವೆ ಎಂದು ಎಣಿಸಿ. ತಂದೆತಾಯಂದಿರಿಗೂ ಒಂದು ಮಾತು. ಮಗ ಅಥವಾ ಮಗಳು ಇಂಥ ಆಟವಾಡಿ ಎದ್ದಾಗ ‘ಎಷ್ಟು ಜನರನ್ನು ಹೊಡೆದೆ?’ ಎಂದು ಕೇಳುವುದನ್ನು ಬಿಟ್ಟು, ‘ಇವತ್ತು ನಿನ್ನ ಗಾಡಿಯಲ್ಲಿ ಯಾರನ್ನು ಕೂರಿಸಿಕೊಂಡು ಹೋದೆ?’ ಎಂದು ಕೇಳಿನೋಡಿ. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಈಗೀಗ ಉದ್ದುದ್ದವಾದ ಉತ್ತರಗಳು ಬರುತ್ತಿವೆ.